ಹಂಚಿನಾಳ ಮಾಸ್ತರರ ಸೂರ್ಯವಿಜಯ

ಕೇಳಿರಿ, ಬಿಸಿಲುಂಡು ಬೆಳೆದ ಜನರೇ! ಸೂರ್ಯದೇವನು ಯಾರ ಅಪ್ಪಣೆಯನ್ನೂ ಕೇಳದೆ ಬೆಳಗುತ್ತಿದ್ದ ಈ ಕಲಿಯುಗದಲ್ಲಿ, ವಿಜಯಪುರ ಸೀಮೆಯ ಒಂದು ಕಾಲೇಜಿನಲ್ಲಿ, ರಶ್ಮಿಗ್ರಹಣಧುರಂಧರ, ಸಪ್ತಪ್ರಬಂಧವಿಕ್ರಮ, ಚಿಮಟಹಸ್ತ ಗುರುಬಸಪ್ಪ ಹಂಚಿನಾಳ ಮಾಸ್ತರರು ವಿಜೃಂಭಿಸುತ್ತಿದ್ದರು.

ಅವರ ದಿವ್ಯಾಸ್ತ್ರ ಜೋಡಿ ಸೌರಕೋಶ. ಕೆಳಗೆ ಸಿಲಿಕಾನ್, ಮೇಲೆ ಕೂದಲಿಗಿಂತ ತೆಳುವಾದ ಪೆರೋವ್‌ಸ್ಕೈಟ್ ಎಂಬ ಹರಳಿನ ಲೇಪ. ನೀಲಿ ಕಿರಣ ಮೇಲಿನದರ ತುತ್ತು, ಕೆಂಪು ಕೆಳಗಿನದರದು. ನೂರು ಪಾಲು ಬೆಳಕಿನಲ್ಲಿ ಇಪ್ಪತ್ತೆಂಟು ವಿದ್ಯುತ್ತಾಗುತ್ತಿತ್ತು. ಮೂವತ್ತೆಂಬ ಕೋಟೆ ಮಾತ್ರ ಮಣಿಯದು. ದಸರೆಯ ರಜೆ ಮುಗಿದ ಮರುದಿನ ಅದು ಮಣಿಯದಿದ್ದರೆ ಪ್ರಯೋಗದ ಕೋಣೆ ರಸಾಯನಶಾಸ್ತ್ರದ ರುದ್ರಗೌಡರ ಪಾಲೆಂದು ಪ್ರಾಚಾರ್ಯರು ತೀರ್ಪಿತ್ತಿದ್ದರು.

ಆ ದಿನ ಬಂತು. ಪ್ರಾಚಾರ್ಯರ ಹಿಂದೆಯೇ ಗೌಡರು ಟೇಪು ಹಿಡಿದು ಗೋಡೆ ಅಳೆಯುತ್ತ ಬಂದರು.

“ಏನ್ರೀ ಮಾಸ್ತರ, ಕಪಾಟ ಖಾಲಿ ಮಾಡೀರೇನ್ರೀ?”

“ಎಲೈ ಆಮ್ಲಗಂಧಲಿಪ್ತ ಗೌಡನೇ!” ಎಂದು ಗರ್ಜಿಸಿದರು ಮಾಸ್ತರರು. “ಹನ್ನೆರಡು ವರ್ಷ ತಪಗೈದವನ ಮುಂದೆ ಟೇಪು ಝಳಪಿಸುವೆಯಾ? ಸೂರ್ಯನೇ ಇಂದು ನನ್ನ ಕೋಶದ ಮುಂದೆ ಕೈಕಟ್ಟಿ ನಿಲ್ಲುವನು. ದೇವರ ಹಂಗೂ ನನಗೆ ಬೇಡ!”

“ಮದ್ಲ ದೀಪಾ ಹಚ್ರೆಲಾ,” ಎಂದರು ಗೌಡರು.

ಸೂರ್ಯನ ಬದಲು ಉರಿಯುವ ಆ ದೀಪಕ್ಕೊಂದು ನಿಯಮವಿತ್ತು: ಮೊದಲು ಬೆಳಕನ್ನಳೆಯುವ ಗಾಜಿನ ಬಿಲ್ಲೆಯನ್ನು ಕೆಳಗಿಟ್ಟು, ಮಾಪಕದ ಮುಳ್ಳು ಗುರುತು ಮುಟ್ಟುವವರೆಗೆ ಬೆಳಕು ಏರಿಸಬೇಕು; ಬಳಿಕ ಕೋಶವನ್ನಿಡಬೇಕು. ಗೌಡರನ್ನೇ ಕೆಕ್ಕರಿಸಿ ನೋಡುತ್ತ ಮಾಸ್ತರರು ಬಿಲ್ಲೆಯನ್ನಿಟ್ಟರು. ಮುಳ್ಳು ಅಂದೇಕೋ ಸೋಮಾರಿ. ದೀಪವನ್ನು ಏರಿಸಿಯೇ ಏರಿಸಿದರು. ಕೋಶವನ್ನಿಟ್ಟರು.

ಮೂವತ್ತಮೂರು!

ಗೌಡರ ಟೇಪು ಸರ್ರನೆ ಒಳಸೇರಿತು; ಅವರು ಬಾಗಿಲತ್ತ ತಿರುಗಿದರು. ಪ್ರಾಚಾರ್ಯರು ಶಾಲು ತರಲು ಓಡಿದರು.

ಬಿಲ್ಲೆಯನ್ನು ಎತ್ತಿಡಹೋದ ಮಾಸ್ತರರ ಹೆಬ್ಬೆರಳು ಕೆಂಪಾಯಿತು. ಗಾಜಿನ ನಟ್ಟನಡುವೆ ಕುಂಕುಮ! ಅರೆಗುರುಡಾದ ಬಿಲ್ಲೆಯ ಮಾತು ನಂಬಿ ಅವರು ದೀಪವನ್ನು ಮಿತಿಮೀರಿ ಉರಿಸಿದ್ದರು.

“ಶಾಂತವ್ವಾ, ಇದಕ್ಕ ಕುಂಕುಮ ಯಾರು ಹಚ್ಚಿದ್ರು?” ಕಸ ಗುಡಿಸುತ್ತಿದ್ದವಳನ್ನು ಮೆಲ್ಲಗೆ ಕೇಳಿದರು.

“ನಾನ ರೀ ಸರ. ಆಯುಧಪೂಜಿ ಇತ್ತಲ್ರೀ. ದೊಡ್ಡ ಮಶೀನಿಗೆಲ್ಲಾ ಹಚ್ಚಿದೆ. ಸಣ್ಣದು ಏನ್ ಪಾಪಾ ಮಾಡೇತಿ?”

ಕಂಡವರು ಇಬ್ಬರೇ. ಮೂರನೆಯವನು ಕಿಟಕಿಯಾಚೆ, ಆಕಾಶದಲ್ಲಿ ಉರಿಯುತ್ತಿದ್ದ. ಮಾಸ್ತರರು ಅವನತ್ತ ಒಮ್ಮೆ ನೋಡಿದರು. ಕರವಸ್ತ್ರ ತೆಗೆದು ಬಿಲ್ಲೆ ಒರೆಸಿದರು.

“ಗೌಡ್ರ, ತಡೀರಿ. ಇನ್ನೊಮ್ಮೆ ಅಳಿಯೂಣು.”

ಇಪ್ಪತ್ತೆಂಟು.

ಸೂರ್ಯವಿಜಯಿಗಳು ಕಪಾಟಿನ ಒಂದು ತುದಿ ಹಿಡಿದರು. ಇನ್ನೊಂದು ತುದಿಗೆ ಗೌಡರೇ ಕೈಕೊಟ್ಟರು. “ಸಾವಕಾಶ ರೀ ಮಾಸ್ತರ, ಹೊಸ್ತಿಲಾ ಐತಿ.”

ಅಷ್ಟರಲ್ಲಿ ಪ್ರಾಚಾರ್ಯರು ಶಾಲು ತಂದರು. ಸಾಗಿಸುವಾಗ ಒಡೆಯದಿರಲೆಂದು ಅದನ್ನು ದೀಪಕ್ಕೆ ಸುತ್ತಲಾಯಿತು.