ಮೂವತ್ತಾರು ಕಂತು, ಎಂಬತ್ತೆಂಟು ಮೆಟ್ಟಿಲು

ಶ್ರೀಯುತ ಶ್ರೀಶ ಅವರಿಗೆ,
ಶಾಖಾ ವ್ಯವಸ್ಥಾಪಕರು, ಸೌಖ್ಯದೀಪ ಫೈನಾನ್ಸ್,
ನಾಲ್ಕನೆಯ ಮಹಡಿ, ಬಸವೇಶ್ವರನಗರ.

ಮಾನ್ಯರೇ,

ತಾವೂ, ತಮ್ಮ ಕಂಪ್ಯೂಟರೂ, ತಮ್ಮ ವಸೂಲಿ ವಿಭಾಗದ ಹೆಸರು ಹೇಳದ ದನಿಗಳೂ ಕ್ಷೇಮವಾಗಿರುವಿರೆಂದು ನಂಬಿ, ಹೊಸಹಳ್ಳಿಯ ಬಾಡಿಗೆ ಮನೆಯಿಂದ ಸಿದ್ದೇಶ್ ಎಂಬ ನಾನು ಮಾಡುವ ನಮಸ್ಕಾರಗಳು. ನನಗೆ ಐವತ್ತೊಂದು ವರ್ಷ, ನಾಯಂಡಹಳ್ಳಿಯ ಪೈಪಿನ ಗೋಡೌನಿನಲ್ಲಿ ಬಿಲ್ಲು ಬರೆಯುವ ಕೆಲಸ. ಕಳೆದ ತಿಂಗಳವರೆಗೆ ತಮ್ಮ ಸಾಲಗಾರನಾಗಿದ್ದೆ. ಈಗ ಆ ಪದವಿ ಕಳೆದುಕೊಂಡಿರುವುದರಿಂದ ನಾಲ್ಕು ಮಾತನ್ನು ಧೈರ್ಯವಾಗಿ, ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ಮೂರು ವರ್ಷದ ಹಿಂದೆ ನನ್ನ ಹೆಂಡತಿ ರಂಜಿನಿಗೆ ಪಿತ್ತಕೋಶದ ಆಪರೇಷನ್ ಆದಾಗ ತಾವು ಒಂದೇ ದಿನದಲ್ಲಿ ಮೂರು ಲಕ್ಷ ರೂಪಾಯಿ ಕೊಟ್ಟು ಉಪಕರಿಸಿದಿರಿ. ಅದನ್ನು ನಾನು ಮರೆಯಲಾರೆ, ಮರೆಯಲು ತಮ್ಮವರು ಬಿಟ್ಟಿಲ್ಲ ಕೂಡ. ಕಂತು ಐದನೆಯ ತಾರೀಖು, ನನ್ನ ಸಂಬಳ ಏಳನೆಯ ತಾರೀಖು. ಈ ಎರಡು ದಿನದ ವ್ಯತ್ಯಾಸವನ್ನು ದಯವಿಟ್ಟು ಸರಿಪಡಿಸಿ ಎಂದು ಅರ್ಜಿ ಬರೆದುಕೊಂಡೆ. ಸಿಸ್ಟಂ ಒಪ್ಪುವುದಿಲ್ಲವೆಂದು ಉತ್ತರ ಬಂತು. ಮೊದಲ ಎರಡು ತಿಂಗಳೂ ನನ್ನ ಖಾಲಿ ಖಾತೆಯನ್ನು ತಡಕಿ ನೋಡಿದ್ದಕ್ಕೆ ತಾವೊಂದು ದಂಡ ಹಾಕಿದಿರಿ, ತಡಕಲು ಬಿಟ್ಟಿದ್ದಕ್ಕೆ ಬ್ಯಾಂಕಿನವರು ಇನ್ನೊಂದು ದಂಡ ಹಾಕಿದರು.

ಅದೇ ಸಮಯಕ್ಕೆ ತಮ್ಮ ವಸೂಲಿ ವಿಭಾಗದವರು ನಮ್ಮ ಮನೆಯ ಮಾಲೀಕರಾದ ಕಲ್ಯಾಣಮ್ಮನವರಿಗೆ ಫೋನ್ ಮಾಡಿ, "ನಿಮ್ಮ ಬಾಡಿಗೆಯೋರು ದುಡ್ಡು ಕಟ್ಟದೆ ಓಡಿ ಹೋಗೋ ಜನ, ನೋಡ್ಕೊಳ್ಳಿ" ಎಂದು ನಮ್ಮ ಪರಿಚಯ ಮಾಡಿಕೊಟ್ಟರು. ಹದಿನಾಲ್ಕು ವರ್ಷ ಅವರ ಮಹಡಿಯ ಮೇಲೆ ಸಂಸಾರ ಮಾಡಿದ್ದರೂ ನಮಗೆ ಓಡಲು ಬರುತ್ತದೆಂಬ ಸಂಗತಿ ಅವರಿಗೆ ತಿಳಿದಿರಲಿಲ್ಲ. ನನಗೂ ತಿಳಿದಿರಲಿಲ್ಲ, ಆಗ ನನಗೆ ಬಸ್ ಸ್ಟಾಪಿನವರೆಗೆ ನಡೆದರೂ ಏದುಸಿರು ಬರುತ್ತಿತ್ತು. ರಂಜಿನಿ ಮಾತ್ರ ಎಂಟು ದಿನ ಕಲ್ಯಾಣಮ್ಮನವರ ಬಾಗಿಲ ಮುಂದೆ ಹಾಯಬೇಕಾಗುತ್ತದೆಂದು ತರಕಾರಿಗೂ ಇಳಿಯಲಿಲ್ಲ. ಹೊಲಿಗೆಯ ಗಾಯ ಮಾಯುತ್ತಿದ್ದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕಿಟಕಿಯ ಬಳಿ ಕೂತಿರುತ್ತಿದ್ದಳು. ಇದಕ್ಕೆ ತಮ್ಮಲ್ಲಿ ಶುಲ್ಕದ ಪಟ್ಟಿ ಇದೆಯೇ ಎಂದು ಆಗಲೇ ಕೇಳಬೇಕಿತ್ತು, ಕೇಳಲಿಲ್ಲ.

ಒಂಬತ್ತನೆಯ ದಿನ ಬೈಕು ಮಾರಿದೆ. ಬಂದ ದುಡ್ಡಿನಲ್ಲಿ ಎರಡು ಕಂತು ಮುಂಗಡವಾಗಿ ಡಬ್ಬಿಯಲ್ಲಿಟ್ಟೆವು, ಹೀಗಾಗಿ ಸಂಬಳ ಯಾವತ್ತು ಬಂದರೂ ಕಂತು ಕಾಯುವಂತಿರಲಿಲ್ಲ. ಫೋನಿನಲ್ಲಿ ಕಟ್ಟಿದರೆ ತಮ್ಮ ಲೆಕ್ಕಕ್ಕೆ ಸೇರಲು ಮೂರು ದಿನ, ಆ ಮೂರು ದಿನವೂ ವಸೂಲಿಯ ಕರೆ. ಆದ್ದರಿಂದ ಮೂರನೆಯ ಕಂತಿನಿಂದ ಸ್ವತಃ ಬಂದು, ಕೌಂಟರಿನಲ್ಲಿ ಕಟ್ಟಿ, ರಸೀದಿ ಪಡೆಯುವುದೆಂದು ತೀರ್ಮಾನಿಸಿದೆ. ತಮ್ಮ ಕಟ್ಟಡದ ಲಿಫ್ಟಿನ ಮೇಲಿನ 'ದುರಸ್ತಿಯಲ್ಲಿದೆ' ಎಂಬ ಬೋರ್ಡು ಆಗಲೇ ಹಳತಾಗಿತ್ತು. ಎಂಬತ್ತೆಂಟು ಮೆಟ್ಟಿಲು. ಮೊದಲ ಸಲ ಎರಡನೆಯ ಮಹಡಿಯ ಹಲ್ಲಿನ ಕ್ಲಿನಿಕ್ಕಿನ ಮುಂದೆ ಕುಸಿದು ಕೂತಾಗ, ಅಲ್ಲಿನ ಹೆಣ್ಣುಮಗಳು ಯಾವ ಹಲ್ಲು ನೋವೆಂದು ಕೇಳಿದಳು. ತಮ್ಮ ಬಾಗಿಲ ಕಾವಲಿನ ಗೂಳಪ್ಪ ಇಳಿದು ಬಂದು, "ಕುಂದರ್ರಿ ಸರ, ನೀರು ಕುಡೀರಿ. ಆಫೀಸ್ ಎಲ್ಲೂ ಓಡಿ ಹೋಗಂಗಿಲ್ಲ" ಎಂದ. ತಮ್ಮ ಸಂಸ್ಥೆಯಲ್ಲಿ ಬಡ್ಡಿಯಿಲ್ಲದೆ ನಾನು ಪಡೆದದ್ದು ಆ ಒಂದು ಲೋಟ ನೀರು.

ಅದೇ ವಾರ ರಕ್ತದ ಸಕ್ಕರೆ ಇನ್ನೂರ ಎಂಬತ್ತು ತೋರಿಸಿತು. ಡಾಕ್ಟರು, "ದಿನಾ ಒಂದು ಗಂಟೆ ನಡೀಬೇಕು, ಇಲ್ಲಾಂದ್ರೆ ಜಿಮ್ಮಿಗಾದ್ರೂ ಸೇರ್ಕೊಳ್ಳಿ" ಎಂದರು. ಜಿಮ್ಮಿಗೆ ವರ್ಷಕ್ಕೆ ಹದಿನೆಂಟು ಸಾವಿರ. ತಾವಾದರೋ ತಿಂಗಳ ಕಂತಿನಲ್ಲೇ ವ್ಯಾಯಾಮವನ್ನೂ ಸೇರಿಸಿ ಕೊಡುತ್ತಿದ್ದಿರಿ. ಬೈಕಿಲ್ಲ, ರಂಜಿನಿಯ ಹಾಗೆ ನನಗೆ ಬಸ್ಸು ಉಚಿತವೂ ಅಲ್ಲ. ಬೆಳಗ್ಗೆ ಮೆಟ್ರೋ ಕಂಬಗಳ ನೆರಳಿನಲ್ಲಿ ಹೊಸಹಳ್ಳಿಯಿಂದ ನಾಯಂಡಹಳ್ಳಿಗೆ ನಡೆಯತೊಡಗಿದೆ; ತಲೆಯ ಮೇಲೆ ಹೋಗುವ ರೈಲಿನ ಟಿಕೆಟ್ಟಿನ ದುಡ್ಡನ್ನು ಸಂಜೆ ಡಬ್ಬಿಗೆ ಹಾಕುತ್ತಿದ್ದೆ. ಬೆಲ್ಟಿಗೆ ಮೂರು ಹೊಸ ತೂತು ಕೊರೆದೆ, ಕೊರೆಯುವ ಖರ್ಚು ಗೋಡೌನಿನದು. ಪ್ರತಿ ಐದನೆಯ ತಾರೀಖು ಸಂಜೆ ರಂಜಿನಿಯೂ ನಾನೂ ವಿಜಯನಗರದ ಒಂದು ದರ್ಶಿನಿಯಲ್ಲಿ ಒಂದು ಮಸಾಲೆ ದೋಸೆ ತರಿಸಿ, ಅರ್ಧರ್ಧ ತಿಂದು, ರಸೀದಿ ನೋಡಿ ಮಡಿಸಿಡುತ್ತಿದ್ದೆವು. ಉತ್ಸಾಹ ಉಳಿಸಿಕೊಳ್ಳುವ ಬಗ್ಗೆ ತಮ್ಮ ಕಂಪನಿ ವಾರಕ್ಕೆರಡು ಸಲ ಸಂದೇಶ ಕಳಿಸುತ್ತದೆ. ನಮ್ಮದು ಆ ಅರ್ಧ ದೋಸೆಯಲ್ಲಿತ್ತು.

ಹತ್ತೊಂಬತ್ತನೆಯ ಕಂತಿನ ಹೊತ್ತಿಗೆ ಗೋಡೌನಿನಲ್ಲಿ ವ್ಯಾಪಾರ ಬಿದ್ದು, ಮೂರು ತಿಂಗಳು ಅರ್ಧ ಸಂಬಳವಾಯಿತು. ಡಬ್ಬಿ ಖಾಲಿಯಾಗುತ್ತ ಬಂತು. ಒಂದು ಬೆಳಗ್ಗೆ ನಾನು ಚಪ್ಪಲಿ ಹಾಕಿಕೊಳ್ಳಲಿಲ್ಲ. "ಈ ತಿಂಗಳು ಬಿಟ್ಬಿಡೋಣ ಕಣೇ. ನಂಗೆ ನಡಿಯೋಕೂ ಆಗಲ್ಲ, ಕಟ್ಟೋಕೂ ಆಗಲ್ಲ" ಎಂದು ಮಲಗಿದೆ. ರಂಜಿನಿ ಕೆಳಗಿಳಿದು, ಒಂದೂವರೆ ವರ್ಷದಿಂದ ತಾನೇ ಮುಖ ತಪ್ಪಿಸಿಕೊಂಡು ಓಡಾಡುತ್ತಿದ್ದ ಕಲ್ಯಾಣಮ್ಮನವರ ಬಾಗಿಲು ತಟ್ಟಿ, ಸೀರೆಗೆ ಫಾಲ್ಸ್ ಹಾಕುವ ಕೆಲಸವಿದ್ದರೆ ಕೊಡಿ ಎಂದು ಕೇಳಿದಳು. ಅವರು, "ಅಯ್ಯೋ, ಆ ಫೋನ್ ಮಾಡಿದೋನಿಗೆ ಅವತ್ತೇ ಬೈದು ಇಟ್ಟೆ ಕಣಮ್ಮ, ನೀನ್ಯಾಕೆ ಮಾತು ಬಿಟ್ಟೆ?" ಎಂದು, ತಮ್ಮದೇ ಮನೆಯ ಮದುವೆಯ ನಲವತ್ತು ಸೀರೆಗಳನ್ನು ಕೊಟ್ಟರು. ಅವಳು ಅದನ್ನೆಲ್ಲ ಮೇಲೆ ತಂದು, "ರೀ, ಎದ್ದೇಳಿ. ನಾನು ಕೂತು ಹೊಲೀತೀನಿ, ನೀವು ನಡ್ಕೊಂಡು ಹೋಗಿ ಬನ್ನಿ" ಎಂದಳು. ಎದ್ದು ಹೋದೆ. ಆ ಮೂರು ತಿಂಗಳು ದೋಸೆ ತಿನ್ನಲಿಲ್ಲ, ಕಂತು ತಪ್ಪಲಿಲ್ಲ.

ಕೊನೆಯ ಕಂತಿನ ದಿನ, ಈ ಜನವರಿಯಲ್ಲಿ, ರಂಜಿನಿ ಮೊದಲ ಬಾರಿಗೆ ನನ್ನ ಜೊತೆ ಮೆಟ್ಟಿಲು ಹತ್ತಿದಳು. ದಾರಿಯಲ್ಲಿ ಕೊಂಡ ಎರಡು ಕೆಜಿ ಅವರೆಕಾಯಿಯ ಚೀಲ ಅವಳ ಕೈಯಲ್ಲಿತ್ತು. ದುಡ್ಡು ಕಟ್ಟಿ, ಸಾಲ ತೀರಿದ ಪತ್ರ ಕೇಳಿದಾಗ, ತಾವು ಕಂಪ್ಯೂಟರ್ ನೋಡಿ 'ಇತರೆ ಶುಲ್ಕ' ಎಂಬ ಹೆಸರಿನಲ್ಲಿ ಎಂಟು ಸಾವಿರದ ಇನ್ನೂರ ಅರವತ್ತು ರೂಪಾಯಿ ಬಾಕಿಯಿದೆಯೆಂದೂ, ಅದನ್ನು ತೀರಿಸಲು ಎರಡು ಲಕ್ಷದ ಹೊಸ ಸಾಲ ನಮಗಾಗಿ ಸಿದ್ಧವಾಗಿದೆಯೆಂದೂ ತಿಳಿಸಿದಿರಿ. ನಾನು ರಸೀದಿಗಳ ಪ್ಲಾಸ್ಟಿಕ್ ಕವರನ್ನು ತಡಕತೊಡಗಿದೆ. ರಂಜಿನಿ ಮಾತ್ರ, "ಸಾರ್, ಆ ಎಂಟು ಸಾವಿರ ಯಾತಕ್ಕೆ ಅಂತ ಒಂದು ಚೀಟೀಲಿ ಬರ್ಕೊಡಿ" ಎಂದಳು.

"ಸಿಸ್ಟಂ ತೋರಿಸ್ತಾ ಇದೆ ಮೇಡಂ, ನಾನೇನ್ ಮಾಡ್ಲಿ?" ಎಂದಿರಿ.

"ಹಂಗಾದ್ರೆ ಸಿಸ್ಟಂನೇ ಕೇಳಿ. ನಮಗೇನೂ ಅವಸರ ಇಲ್ಲ" ಎಂದವಳೇ, ತಮ್ಮ ಎದುರಿನ ಸೋಫಾದಲ್ಲಿ ಕೂತು, ಹಳೆಯ ಪೇಪರು ಹಾಸಿ, ಅವರೆಕಾಯಿ ಬಿಡಿಸತೊಡಗಿದಳು. ಹನ್ನೊಂದು ಗಂಟೆಗೆ ಶುರುವಾದದ್ದು. ಕಂತು ಕಟ್ಟಲು ಬಂದಿದ್ದ ಒಬ್ಬ ಆಂಟಿ ಸುಮ್ಮನೆ ಕೂರಲಾರದೆ ಒಂದು ಹಿಡಿ ಕಾಯಿ ಎತ್ತಿಕೊಂಡರು, ಆಮೇಲೆ ಇನ್ನೊಬ್ಬರು. ಹನ್ನೆರಡಕ್ಕೆ ತಮ್ಮ ಎ.ಸಿ. ಕೋಣೆಯ ತುಂಬ ಸೊಗಡಿನ ವಾಸನೆ. ಎಲ್ಲರೂ ತಂತಮ್ಮ 'ಇತರೆ ಶುಲ್ಕ'ದ ಬಗ್ಗೆ ಮಾತಾಡತೊಡಗಿದ್ದರು. ಆಗ ತಾವು ಎದ್ದು ಬಂದು, ನನ್ನ ಪ್ಲಾಸ್ಟಿಕ್ ಕವರಿನ ಮೂವತ್ತನಾಲ್ಕು ರಸೀದಿಗಳನ್ನು ಮೇಜಿನ ಮೇಲೆ ಹರಡಿ, ಒಂದೊಂದನ್ನೇ ಕಂಪ್ಯೂಟರಿನೊಂದಿಗೆ ಹೋಲಿಸಿ ನೋಡಿದಿರಿ. ನಾನು ಐದಕ್ಕೆ ಕಟ್ಟಿದ ದುಡ್ಡನ್ನು ತಮ್ಮವರು ಎಷ್ಟೋ ಸಲ ಎಂಟಕ್ಕೆ ಬರೆದುಕೊಂಡು, ಆ ಮೂರು ದಿನಕ್ಕೆ ನನ್ನ ಮೇಲೆಯೇ ದಂಡ ಲೆಕ್ಕ ಹಾಕಿದ್ದರು. ಮುಖ್ಯ ಕಚೇರಿಗೆ ತಾವು ನಾಲ್ಕು ಸಲ ಫೋನ್ ಮಾಡಿದಿರಿ, ನಾಲ್ಕನೆಯ ಸಲ ಜೋರಾಗಿಯೇ ಮಾತಾಡಿದಿರಿ. ಮೂರೂವರೆಗೆ ಪತ್ರ ಅಚ್ಚಾಗಿ ಬಂತು. ರಂಜಿನಿ ಅದನ್ನು ಎರಡು ಸಲ ಓದಿ, ಸಿಪ್ಪೆಯನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಎದ್ದಳು.

ಚಹಾಕ್ಕೆಂದು ತಾವೂ ನಮ್ಮ ಜೊತೆ ಇಳಿದಿರಿ. ಎರಡನೆಯ ಮಹಡಿಯಲ್ಲಿ ಮಂಡಿ ಹಿಡಿದುಕೊಂಡು ನಿಂತು, "ನನಗೂ ಎರಡು ಸಾಲ ಇದೆ ಸಾರ್. ಮನೇದೊಂದು, ಕಾರಿಂದೊಂದು. ರಸೀದಿ ಒಂದೂ ಇಟ್ಟಿಲ್ಲ" ಎಂದಿರಿ. ತಮಗೆ ಮೂವತ್ತೈದೂ ಇರಲಾರದು. ರಂಜಿನಿ ತಮ್ಮ ಹೆಗಲಿನ ಆಫೀಸ್ ಚೀಲ ಇಸಿದುಕೊಂಡು, "ನಿಧಾನಕ್ಕೆ ಇಳೀರಿ" ಎಂದಳು. ಅಲ್ಲಿಯವರೆಗೆ ತಮ್ಮ ಮೇಲೆ ಬರೆಯಬೇಕೆಂದು ನಾನು ಕೂಡಿಟ್ಟಿದ್ದ ಪತ್ರ ಬೇರೆಯೇ ಆಗಿತ್ತು; ಅದರ ಅರ್ಧ ಆ ಮೆಟ್ಟಿಲಿನ ಮೇಲೆಯೇ ಉಳಿಯಿತು.

ಉಳಿದರ್ಧದಲ್ಲಿರುವ ಬೇಡಿಕೆಗಳು ಇಷ್ಟೇ. ಲಿಫ್ಟನ್ನು ಯಾವ ಕಾರಣಕ್ಕೂ ರಿಪೇರಿ ಮಾಡಿಸಬೇಡಿ. ನನ್ನ ಸಕ್ಕರೆ ನೂರ ಇಪ್ಪತ್ತೆಂಟಕ್ಕೆ ಬಂದಿದೆ. ಸಾಲ ಕೊಡುವಾಗ ಬಡ್ಡಿಯ ದರದ ಪಕ್ಕದಲ್ಲೇ ಮೆಟ್ಟಿಲಿನ ಸಂಖ್ಯೆಯನ್ನೂ ಮುದ್ರಿಸಿ. ವಸೂಲಿ ವಿಭಾಗದವರು ಮನೆಯ ಮಾಲೀಕರೊಂದಿಗೆ ಮಾತಾಡಲೇಬೇಕಿದ್ದರೆ ನಡೆದುಕೊಂಡು ಬಂದು ಮಾತಾಡಲಿ, ಅವರಿಗೂ ಆರೋಗ್ಯವಿರಲಿ. ಕಲ್ಯಾಣಮ್ಮನವರು ಅವರಿಗಾಗಿ ಕಾಯುತ್ತಿದ್ದಾರೆ. ಸಾಧ್ಯವಾದರೆ ಗೂಳಪ್ಪನನ್ನು ಗ್ರಾಹಕ ಸೇವೆಯ ಮುಖ್ಯಸ್ಥನನ್ನಾಗಿ ಮಾಡಿ.

ಸಾಲ ತೀರಿದರೂ ಸಲಿಗೆ ತೀರದ,
ತಮ್ಮ ವಿಶ್ವಾಸಿ,
ಸಿದ್ದೇಶ್

ಮರೆತ ಮಾತು: ನಿನ್ನೆ ತಮ್ಮ ಕಂಪನಿಯ ಹೆಣ್ಣುಮಗಳೊಬ್ಬಳು ಫೋನ್ ಮಾಡಿ, ನಾನು ಉತ್ತಮ ಗ್ರಾಹಕನಾದ್ದರಿಂದ ಮನೆಯಲ್ಲೇ ನಡೆಯುವ ಟ್ರೆಡ್‌ಮಿಲ್ ಕೊಳ್ಳಲು ಅರವತ್ತು ಸಾವಿರದ ಸಾಲ ಮಂಜೂರಾಗಿದೆಯೆಂದಳು. ರಂಜಿನಿ ಫೋನ್ ಇಸಿದುಕೊಂಡು, "ನಿಮ್ಮ ಮ್ಯಾನೇಜರ್ ಶ್ರೀಶ ಅವ್ರ ಹೆಸರಿಗೆ ಬರ್ಕೊಳ್ಳಮ್ಮ, ಪಾಪ ಅವ್ರಿಗೆ ಮಂಡಿ ನೋವು" ಎಂದಳು. ಆ ಹುಡುಗಿ ಬರೆದುಕೊಂಡಳು.