ಕಪ್ಪೆಗೆ ಪಟ್ಟಿ ಎಳೆದವನು

ಊರಿನ ಬಟ್ಟೆ ಒಗೆಯುವ ತೊಟ್ಟಿಯನ್ನು ಮುಚ್ಚಿ ಕಾರು ನಿಲ್ಲಿಸುವ ಜಾಗ ಮಾಡಲು ಪಂಚಾಯಿತಿ ಹೊರಟಾಗ, ಎಲ್ಲರಿಗಿಂತ ಹೆಚ್ಚು ಕಂಗಾಲಾದವನು ಸುಣ್ಣ ಬಳಿಯುವ ಅಬಿಲಿಯೊ. ಅವನ ಟೊಮೇಟೊ ಗಿಡಗಳು ಬದುಕಿದ್ದದ್ದೇ ಆ ನೀರಿನಿಂದ. ಈಗ ಉಳಿದಿದ್ದ ಆಸೆಯೆಂದರೆ ತೊಟ್ಟಿಯ ಮರಗಪ್ಪೆಗಳು.

ಎಲೆಹಸಿರು ಬಣ್ಣದ ಈ ಕಪ್ಪೆಗಳಲ್ಲಿ ಎರಡು ಜಾತಿ. ಒಂದಕ್ಕೆ ಕಣ್ಣಿನಿಂದ ತೊಡೆಯವರೆಗೆ ಕಪ್ಪು ಪಟ್ಟಿ. ಇನ್ನೊಂದರ ಪಟ್ಟಿ ಭುಜದಲ್ಲೇ ಮುಗಿದು ಮೈಯೆಲ್ಲ ಬರಿದಾಗಿರುತ್ತದೆ. ಅಪರೂಪದ ಜಾತಿ ಸಿಕ್ಕರೆ ತೊಟ್ಟಿ ಮುಚ್ಚುವಂತಿಲ್ಲ, ನೋಡಲು ಇಂದು ಮಧ್ಯಾಹ್ನ ಲಿಸ್ಬನ್ನಿನಿಂದ ವನ್ಯಜೀವಿ ಇಲಾಖೆಯ ಡಾಕ್ಟರಮ್ಮ ಬರುತ್ತಾರೆ ಎಂದು ಚರ್ಚಿನ ಬಾಗಿಲಲ್ಲಿ ಚೀಟಿ ಅಂಟಿಸಿದ್ದರು. ಅಪರೂಪದ್ದು ಯಾವುದೆಂದು ಬರೆದಿರಲಿಲ್ಲ. ಯಾರೂ ಕೇಳಲೂ ಇಲ್ಲ. ಪೋರ್ಚುಗಲ್ಲಿನ ಅಲೆಂತೇಜು ಬಯಲಿನ ಆ ಊರಿನಲ್ಲಿ ಬಿಳಿ ಗೋಡೆಯ ಬುಡಕ್ಕೆ ನೀಲಿ ಪಟ್ಟಿಯಿಲ್ಲದಿದ್ದರೆ ಅದನ್ನು ಮನೆಯೆಂದೇ ಎಣಿಸುತ್ತಿರಲಿಲ್ಲ.

"ನಮ್ಮವು ಬರಿಮೈ ಕಪ್ಪೆಗಳು ಕಣೋ," ಎಂದಳು ಪಕ್ಕದ ಮನೆಯ ಜುಲ್ಮೀರಕ್ಕ. "ಪಟ್ಟಿ ಇಲ್ದಿರೋದನ್ನ ಯಾರು ಮೂಸಿ ನೋಡ್ತಾರೆ? ನಿನ್ನಷ್ಟು ನೆಟ್ಟಗೆ ಪಟ್ಟಿ ಎಳೆಯೋರು ಈ ಸೀಮೇಲೇ ಇಲ್ಲ. ಎಳೆದ್ಬಿಡು!"

"ಗೋಡೆ ನೆಗೆಯಲ್ಲ ಅಕ್ಕಾ, ಕಪ್ಪೆ ನೆಗೆಯುತ್ತೆ."

"ನಾನು ಹಿಡ್ಕೋತೀನಿ, ನಡಿ."

ಒಲೆಯ ಮಸಿಯನ್ನು ಆಲಿವ್ ಎಣ್ಣೆಯಲ್ಲಿ ಕಲಸಿ ಅಬಿಲಿಯೊ ಕುಂಚ ಹಿಡಿದ. ಒಂದು ಕಪ್ಪೆ ಅವನ ಬೋಳುತಲೆ ಏರಿ ಕುಳಿತಿತು, ಇನ್ನೊಂದು ಜುಲ್ಮೀರಕ್ಕನ ರವಿಕೆಯೊಳಗೆ ನುಗ್ಗಿ ಆಕೆಯನ್ನು ಕುಣಿಸಿತು. ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಕಪ್ಪೆಗಳಿಗೂ ಪಟ್ಟಿ ಬಿದ್ದಿತ್ತು. ಅಬಿಲಿಯೊನ ಮೂತಿಗೆ ಅದಕ್ಕಿಂತ ಹೆಚ್ಚೇ ಬಿದ್ದಿತ್ತು.

ಡಾಕ್ಟರಮ್ಮ ಬಂದು ತೊಟ್ಟಿಯ ಪಕ್ಕದ ಪೊದೆಯೊಳಗೆ ಇಣುಕಿ ಮುಖ ಬಾಡಿಸಿಕೊಂಡರು. "ಅಯ್ಯೋ, ಎಲ್ಲಾ ಪಟ್ಟಿಯವೇ! ಇವು ಈ ಕಡೆ ಹಳ್ಳಹಳ್ಳಕ್ಕೂ ಇವೆ. ಪಟ್ಟಿ ಇಲ್ದಿರೋದು ಸಿಗಬಹುದು ಅಂತ ಬಂದಿದ್ದೆ. ತೊಟ್ಟಿ ಮುಚ್ಕೊಳ್ಳಲಿ ಬಿಡಿ."

ಅಬಿಲಿಯೊ ಪೊದೆಗೇ ನುಗ್ಗಿದ. ಹೇಗೋ ಒಂದು ಕಪ್ಪೆ ಹಿಡಿದು ಒದ್ದೆ ಬೆರಳಿನಿಂದ ಉಜ್ಜಿದ. "ಇದು ನಾನು ಎಳೆದಿದ್ದು ಡಾಕ್ಟರಮ್ಮಾ! ನೋಡಿ, ಹೋಗುತ್ತೆ!"

"ಯಾರ್ಯಾರು ಸೇರಿ ಮಾಡಿದ್ದು?"

ಜುಲ್ಮೀರಕ್ಕ ಮಸಿ ಬೆರಳುಗಳನ್ನು ಏಪ್ರನ್ನಿನೊಳಗೆ ಬಚ್ಚಿಟ್ಟಳು. "ದೇವರಾಣೆ, ನಾನು ಬಟ್ಟೆ ಒಗೀತಿದ್ದೆ." ಅಬಿಲಿಯೊ ಅವಳ ಹೆಸರು ಹೇಳಲಿಲ್ಲ. ಪಾಪ, ಅವನ ಗುಣವೇ ಅಂಥದ್ದು.

ಡಾಕ್ಟರಮ್ಮ ಅಲ್ಲೇ ಆದೇಶ ಬರೆದರು. ತೊಟ್ಟಿ ಉಳಿಯಿತು, ಊರವರು ಚಪ್ಪಾಳೆ ತಟ್ಟಿದರು. ಆದರೆ ಕಪ್ಪೆಗಳನ್ನು ಪೀಡಿಸಿದವನು ಇನ್ನುಮುಂದೆ ತೊಟ್ಟಿಯಿಂದ ಐವತ್ತು ಹೆಜ್ಜೆ ದೂರವಿರಬೇಕು, ಒಂದು ಚೊಂಬು ನೀರನ್ನೂ ಮುಟ್ಟಬಾರದು. ಕಾವಲಿಗೆ ಊರಿನವರೇ ಒಬ್ಬರು ಬೇಕೆಂದಾಗ ಜುಲ್ಮೀರಕ್ಕ ತಾನಾಗಿಯೇ ಮುಂದೆ ಬಂದಳು.

ಸಂಜೆ ಟೊಮೇಟೊ ಗಿಡಗಳು ಜೋಲುಬಿದ್ದಿದ್ದವು. ಅಬಿಲಿಯೊ ಬಕೆಟ್ ಹಿಡಿದು ಮೆಲ್ಲಗೆ ತೊಟ್ಟಿಯ ಕಡೆ ಹೊರಟ.

"ನಿಲ್ಲೋ ಅಲ್ಲೇ!" ಜುಲ್ಮೀರಕ್ಕ ಕುರ್ಚಿಯಿಂದ ಏಳದೆಯೇ ಕೂಗಿದಳು. "ಕಪ್ಪೆಗಳಿಗೆ ನಿನ್ನ ಕಂಡ್ರೆ ಭಯ ಕಣೋ!"