ಸಂಬಂಧಪಟ್ಟವರನ್ನು ಸಂಪರ್ಕಿಸತಕ್ಕದ್ದು

ವೆಬ್ ಪುಟ ಕಟ್ಟುವವರು ತಪ್ಪು ಮಾಡಿದಾಗ ಪರದೆಯ ಮೇಲೆ ಕೆಂಪಗೆ ಒಂದು ಬೈಗುಳ ಬರುತ್ತದೆ. ಅದಕ್ಕೆ ಎರರ್ ಮೆಸೇಜ್ ಎಂದು ಹೆಸರು. 'ಅನ್‌ಡಿಫೈನ್ಡ್ ಈಸ್ ನಾಟ್ ಎ ಫಂಕ್ಷನ್' ಅಂತೆ! ನಮ್ಮ ಕಡೆ ಫಂಕ್ಷನ್ ಎಂದರೆ ನಾಮಕರಣ, ಗೃಹಪ್ರವೇಶ. ಇದನ್ನು ಬರೆದ ಮಹಾನುಭಾವರು ಜನ್ಮದಲ್ಲಿ ಇನ್ನೊಬ್ಬ ಮನುಷ್ಯನ ಜೊತೆ ಮಾತಾಡಿದವರಲ್ಲ!

ಬೀರೂರಿನ ಮನೆಯಲ್ಲಿ ಕೂತು, ವೆಬ್ ಪುಟ ಕಟ್ಟಲು ಬಳಸುವ ಒಂದು ಜಾವಾಸ್ಕ್ರಿಪ್ಟ್ ಫ್ರೇಮ್‌ವರ್ಕಿಗೆ ಕೆಲಸ ಮಾಡುವ ನಾನು, ಈ ಅನಾಗರಿಕರನ್ನು ತಿದ್ದಲು ಮೆಸೇಜುಗಳನ್ನೆಲ್ಲ ಕನ್ನಡಕ್ಕೆ ತಂದೆ. ಪರದೆ ತುಂಬ ದಪ್ಪಕ್ಷರ. ಕೋಡಿನಲ್ಲಿ ಒಂದೊಂದು ಮಾಹಿತಿಗೂ ಇಂಗ್ಲಿಷ್ ಅಕ್ಷರದಲ್ಲಿ ಇಟ್ಟ ಹೆಸರೂ ತಾನಾಗಿಯೇ ಕನ್ನಡ ಲಿಪಿಗೆ ತಿರುಗುವ ವ್ಯವಸ್ಥೆ!

ಹೆಂಡತಿ ಸುಜಾತಾ ಒಂದನ್ನು ಓದಿ ಮುಖ ಕಿವುಚಿದಳು. "'ಈಗಾಗಲೇ ಘೋಷಿಸಲಾಗಿದೆ' ಅಂದ್ರೆ ಏನ್ರೀ? ಆ ಹೆಸ್ರು ಆಗ್ಲೇ ಇಟ್ಟಾಗಿದೆ ಅಂತ ತಾನೆ? ತಾಲ್ಲೂಕು ಆಫೀಸಿನ ನೋಟಿಸ್ ಇದ್ದಂಗಿದೆ."

"ಭಾಷೆಯ ಗಾಂಭೀರ್ಯ ನಿನಗೆ ತಿಳಿಯಲ್ಲ ಕಣೇ," ಎಂದೆ.

ಅವಳು ನಮ್ಮ ಫ್ರೇಮ್‌ವರ್ಕನ್ನೇ ಕಲಿತು ಚೌಳಹಿರಿಯೂರಿನ ತೆಂಗು ಬೆಳೆಗಾರರ ಸಂಘಕ್ಕೆ ಒಂದು ಪುಟ ಕಟ್ಟಿದ್ದಳು. ಅವಳ ಮೊದಲ ಕೆಲಸ. ಸಭೆ ಒಪ್ಪಿದರೆ ಕಡೂರು, ತರೀಕೆರೆ, ಅಜ್ಜಂಪುರದ ಸಂಘಗಳ ಪುಟಗಳೂ ಅವಳಿಗೇ. ಸಭೆಯ ದಿನ ಕರೆಯದಿದ್ದರೂ ನಾನು ಹೋದೆ. ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಪುಟ ಚೆನ್ನಾಗಿಯೇ ಮೂಡಿತು. ಅಧ್ಯಕ್ಷರಾದ ಸಿದ್ದಣ್ಣನವರು, "ಬೆಳೆ ಐತೆ, ಬೆಲೆ ಎಲ್ಲವ್ವಾ?" ಎಂದರು.

"ಅರ್ಧ ನಿಮಿಷ!" ಎಂದು ಲ್ಯಾಪ್‌ಟಾಪ್ ನನ್ನ ಕಡೆ ಎಳೆದುಕೊಂಡೆ.

"ನಾನೇ ಮಾಡ್ತೀನಿ ಕಣ್ರೀ..."

"ಸುಮ್ನಿರೇ!"

ಬೆಲೆಗೆ bele ಎಂದು ಹೆಸರಿಟ್ಟು ಒಂದು ಸಾಲು ಸೇರಿಸಿದೆ. ಅವಳು ಬೆಳೆಗೂ ಅದೇ bele ಇಟ್ಟಿದ್ದಳು! ಒಂದೇ ಹೆಸರು ಎರಡು ಸಲ ಕಂಡರೆ ಕಂಪ್ಯೂಟರ್ ಮುನಿಯುತ್ತದೆ. ಪುಟ ಮಾಯ. ಗೋಡೆ ತುಂಬ ನನ್ನ ಗಂಭೀರ ಕನ್ನಡ:

'ಬೆಲೆ ಈಗಾಗಲೇ ಘೋಷಿಸಲಾಗಿದೆ. ವಿವರಗಳಿಗೆ ಸಂಬಂಧಪಟ್ಟವರನ್ನು ಸಂಪರ್ಕಿಸತಕ್ಕದ್ದು.'

ಸಭೆಯೆಲ್ಲ ಅದನ್ನು ಜೋರಾಗಿ ಓದಿತು. ಆಮೇಲೆ ಶಿಳ್ಳೆ!

"ಲೇ, ಸರ್ಕಾರದಿಂದ ಕೊಬ್ರಿ ಬೆಲೆ ಘೋಷಣೆ ಆಯ್ತಂತೆ ಕಣ್ರೋ!"

ಮೊಬೈಲುಗಳು ಕಿವಿಗೇರಿದವು. ಸುದ್ದಿ ಅಜ್ಜಂಪುರ ಮುಟ್ಟಿ, ತರೀಕೆರೆ ಸುತ್ತಿ ವಾಪಸ್ ಬಂತು. ಬರುವಾಗ ಜೊತೆಗೆ ಒಂದು ರೇಟನ್ನೂ ತಂದಿತ್ತು!

ಸಿದ್ದಣ್ಣನವರು ನನ್ನ ತೋಳು ಹಿಡಿದರು. "ಇವ್ರು ಹೇಳೋ ರೇಟು ನಿಜವೇನಪ್ಪಾ?"

"ಅದು ಬೆಲೆ ಅಲ್ಲ ಸಾರ್, ತಪ್ಪು..."

"ಯಾರ್ದು ತಪ್ಪು? ಸರ್ಕಾರದ್ದಾ?"

"ನಂದು."

"ಓಹೋ, ಸಂಬಂಧಪಟ್ಟವ್ರು ನೀನೇಯಾ!"

ಇಡೀ ಸಭೆ ನನ್ನ ಕಡೆ ತಿರುಗಿತು. ನಾಚಿಕೆಯಿಂದ ಸತ್ತೇ ಹೋದೆ. ಸುಜಾತಾ ಲ್ಯಾಪ್‌ಟಾಪ್ ಕಿತ್ತುಕೊಂಡಳು. "'ಈ ಹೆಸ್ರು ಆಗ್ಲೇ ಇದೆ, ಬೇರೆ ಇಡಿ.' ಅಷ್ಟು ಹೇಳಕ್ಕೆ ನಿಮ್ಗೇನ್ರೀ ರೋಗ?" ಎಂದು ಹಲ್ಲು ಕಚ್ಚಿ ಹೆಸರು ಬದಲಿಸಿದಳು. ಪುಟ ಬಂತು. ಚಪ್ಪಾಳೆಯೂ ಬಂತು, ಅವಳಿಗೆ. ಮೂರೂ ಊರಿನ ಕೆಲಸ ಸಿಕ್ಕಿತು. ಷರತ್ತು ಒಂದೇ: ಯಜಮಾನರು ಲ್ಯಾಪ್‌ಟಾಪ್ ಮುಟ್ಟಕೂಡದು!

ಮನೆಗೆ ಬಂದು, ಅವಳ ಬೈಗುಳದಿಂದ ರೋಗದ ವಿಷಯವೊಂದನ್ನು ತೆಗೆದು, ಉಳಿದದ್ದನ್ನು ಹೊಸ ಮೆಸೇಜ್ ಎಂದು ಫ್ರೇಮ್‌ವರ್ಕಿನವರಿಗೆ ಕಳಿಸಿದೆ. ನಾನು ಕಳಿಸಿದ್ದರಲ್ಲೆಲ್ಲ ಅವರು ಮೆಚ್ಚಿದ್ದು ಅದೊಂದನ್ನೇ. "ಎಷ್ಟು ಸರಳ! ನಿಮಗೆ ಹೇಗೆ ಹೊಳೆಯಿತು?" ಎಂದು ಕೇಳಿದರು.

ವಿವರಗಳಿಗೆ ಸಂಬಂಧಪಟ್ಟವರನ್ನು ಸಂಪರ್ಕಿಸತಕ್ಕದ್ದು ಎಂದು ಬರೆದು, ಹೆಂಡತಿಯ ನಂಬರ್ ಕೊಟ್ಟೆ.